ಶಾರ್ಟ್ ಫಿಲ್ಮ್‌ನಲ್ಲಿ ಕೊನೆ ಮಾತು ಯಾರದ್ದು?

ಬಯಲುಸೀಮೆ ಬರಹ:
ನಾವು ನಾಲ್ಕು ಜನ ಸೇರಿ ಚಿತ್ರದುರ್ಗದ ಕಡೆ ಒಂದು ಕಿರುಚಿತ್ರ ಮಾಡೋಣ ಅಂತ ಹೊರಟಿದ್ದೇವೆ. 12 ನಿಮಿಷದ್ದು. ಅಣ್ಣ ತಮ್ಮ ಜಮೀನು ಪಾಲು ಮಾಡಿಕೊಳ್ಳುತ್ತಾರೆ, ಬೋರ್‌ವೆಲ್ ಮಾತ್ರ ಒಂದೇ. ಅಷ್ಟೇ ಕಥೆ, ಬರೆದಿದ್ದು ನಾನು. ಈಗ ಕ್ಯಾಮೆರಾಮನ್ ಸಂಭಾಷಣೆ ಅರ್ಧ ತೆಗಿ ಅನ್ನುತ್ತಾನೆ, ಎಡಿಟರ್ ಕೊನೆ ಸೀನೇ ಮೊದಲು ಬರಲಿ ಅನ್ನುತ್ತಾಳೆ, ನಿರ್ದೇಶಕ ಇಬ್ಬರಿಗೂ ತಲೆ ಆಡಿಸಿಕೊಂಡು ಕೂತಿದ್ದಾನೆ. ಎಲ್ಲರೂ ಫ್ರೆಂಡ್ಸ್, ಯಾರಿಗೂ ದುಡ್ಡು ಕೊಡುತ್ತಿಲ್ಲ, ಹಾಗಾಗಿ ಬೇಡ ಅಂತ ಹೇಳೋಕೂ ಮುಜುಗರ. ನೀವೆಲ್ಲ ಇದನ್ನು ಹೇಗೆ ನಿಭಾಯಿಸುತ್ತೀರಿ?

ಕತ್ತರಿ ಕೈ:
ಶೂಟಿಂಗ್‌ಗೆ ಮುಂಚೆಯೇ ಎಡಿಟರ್ ಬಾಯಿ ಹಾಕುತ್ತಿದ್ದಾರೆ ಅಂದರೆ ನೀವು ಪುಣ್ಯವಂತರು. ನಮಗೆಲ್ಲ ಶೂಟ್ ಮುಗಿದ ಮೇಲೆ ಹಾರ್ಡ್ ಡಿಸ್ಕ್ ಕೊಟ್ಟು "ಹೇಗಾದ್ರೂ ಮಾಡಿ ಕೂರಿಸಿಬಿಡಿ" ಅಂತಾರೆ.
ಸುಮ್ನೆ ವಾದ ಮಾಡಬೇಡಿ. ಒಂದು ಸಂಜೆ ಆ ಜಮೀನಿಗೇ ಹೋಗಿ, ನಿಮ್ಮಲ್ಲೇ ಇಬ್ಬರು ಅಣ್ಣ ತಮ್ಮ ಆಗಿ ನಿಂತು, ಇಡೀ ಚಿತ್ರವನ್ನು ಮೊಬೈಲ್‌ನಲ್ಲಿ ಒರಟಾಗಿ ತೆಗೆಯಿರಿ. ಎರಡೂ ಥರ ಜೋಡಿಸಿ, ಕಥೆ ಗೊತ್ತಿಲ್ಲದವರಿಗೆ ತೋರಿಸಿ, ಅವರಿಗೆ ಎಲ್ಲಿ ಬೇಜಾರಾಗುತ್ತದೆ ಅಂತ ಮುಖ ನೋಡಿ. ಎಷ್ಟೋ ಮಾತು ತಾನಾಗೇ ಉದುರಿಹೋಗುತ್ತದೆ.

ಕಿವಿ ಮಾತು:
2024ರಲ್ಲಿ ಕಾನ್ ಚಿತ್ರೋತ್ಸವದ ಲಾ ಸಿನೆಫ್ ಅನ್ನುವ ಫಿಲ್ಮ್ ಸ್ಕೂಲ್ ವಿದ್ಯಾರ್ಥಿಗಳ ವಿಭಾಗದಲ್ಲಿ ಮೊದಲ ಬಹುಮಾನ ತಂದ ಕನ್ನಡ ಕಿರುಚಿತ್ರ ಗೊತ್ತಲ್ವಾ, ಮೈಸೂರಿನ ಚಿದಾನಂದ ಎಸ್. ನಾಯ್ಕ್ ಅವರದ್ದು? ಅಜ್ಜಿ ಊರಿನ ಹುಂಜ ಕದಿಯುತ್ತಾಳೆ, ಊರಿಗೆ ಬೆಳಗೇ ಆಗುವುದಿಲ್ಲ, ಆ ಜನಪದ ಕಥೆ. ಪುಣೆಯ ಸರ್ಕಾರಿ ಸಿನಿಮಾ ಶಾಲೆ ಎಫ್‌ಟಿಐಐನಲ್ಲಿ ಟೀವಿ ವಿಭಾಗದ ಒಂದು ವರ್ಷದ ಕೋರ್ಸ್‌ನ ಕೊನೆಗೆ ಮಾಡಿದ್ದು, ಶೂಟಿಂಗ್‌ಗೆ ಸಿಕ್ಕಿದ್ದು 4 ದಿನ. ಅಲ್ಲಿ ನಿರ್ದೇಶನ, ಕ್ಯಾಮೆರಾ, ಎಡಿಟಿಂಗ್, ಸೌಂಡ್ ಅಂತ ನಾಲ್ಕೂ ಕಡೆಯ ವಿದ್ಯಾರ್ಥಿಗಳು ಸೇರಿದರೇ ಒಂದು ತಂಡ. ಸೌಂಡ್‌ನವರಿಗೂ ಉಳಿದವರಷ್ಟೇ ಜಾಗ.
ನಿಮ್ಮ ನಾಲ್ವರಲ್ಲಿ ಸೌಂಡ್ ಯಾರು ಸ್ವಾಮಿ? ಪೋಸ್ಟ್‌ನಲ್ಲಿ ಆ ಹೆಸರೇ ಇಲ್ಲ! ಬೋರ್‌ವೆಲ್ ಕಥೆ ಅಂದರೆ ಅರ್ಧ ಸದ್ದಿನಲ್ಲೇ ಇದೆ. ಪಂಪ್ ಓಡಿಸೋ ತ್ರೀ ಫೇಸ್ ಕರೆಂಟ್ ಎಷ್ಟೋ ಸಲ ಬರುವುದೇ ರಾತ್ರಿ ಹೊತ್ತು. ತಮ್ಮ ಕತ್ತಲಲ್ಲಿ ಮಲಗಿದ್ದಾನೆ, ದೂರದಲ್ಲಿ ಸ್ಟಾರ್ಟರ್ ಟಕ್ ಅನ್ನುತ್ತದೆ, ಪೈಪಿನಲ್ಲಿ ಗಾಳಿ ಬುಸುಗುಟ್ಟಿ ಆಮೇಲೆ ನೀರು ಬೀಳುವ ಸದ್ದು. ಇವತ್ತು ತನ್ನ ಸರದಿ, ಆನ್ ಮಾಡಿದ್ದು ಅಣ್ಣ. ಇಲ್ಲಿ ಯಾರಾದರೂ ಬಾಯಿ ಬಿಡಬೇಕಾ? ಇಂಥದ್ದು ಬರೆಯುವವರಿಗೆ ಒಬ್ಬರೇ ಕೂತಾಗ ಹೊಳೆಯುವುದು ಕಷ್ಟ, ಸೌಂಡ್‌ನವರು ಪಕ್ಕದಲ್ಲಿದ್ದರೆ ಮೊದಲ ದಿನವೇ ಹೇಳುತ್ತಾರೆ.

ಪ್ರೊಡಕ್ಷನ್ ಪುಟ್ಟಿ:
ಮೇಲಿನದ್ದೆಲ್ಲ ಸರಿ, ಆದರೆ ನಾಲ್ಕು ಜನ ವೋಟು ಹಾಕಿ ಸಿನಿಮಾ ಮಾಡೋಕಾಗಲ್ಲ. ಸ್ಕ್ರಿಪ್ಟ್ ಲಾಕ್ ಆಗುವವರೆಗೆ, ಅಂದರೆ ಇನ್ನು ಬದಲಾಯಿಸಲ್ಲ ಅಂತ ತೀರ್ಮಾನ ಆಗುವವರೆಗೆ ಎಲ್ಲರೂ ಕಿತ್ತಾಡಿ, ಲಾಕ್ ಆದ ದಿನದಿಂದ ನಿರ್ದೇಶಕ ಹೇಳಿದ್ದೇ ಕೊನೆ. ಅವನು ತಲೆ ಆಡಿಸುತ್ತಾ ಕೂತಿದ್ದಾನಲ್ಲ, ನನಗೆ ನಿಮ್ಮ ನಿಜವಾದ ಸಮಸ್ಯೆ ಅದೇ ಅನ್ನಿಸುತ್ತದೆ. 2019ರ ಕನ್ನಡ ಸಿನಿಮಾ ಕಥಾಸಂಗಮದಲ್ಲಿ ಏಳು ನಿರ್ದೇಶಕರಿದ್ದರು, ಆದರೆ ಏಳು ಬೇರೆ ಬೇರೆ ಕಥೆ. ಒಂದೇ ಕಥೆಗೆ ಏಳು ಜನ ಅಲ್ಲ.
ಇನ್ನೊಂದು, ಟೈಟಲ್ ಕಾರ್ಡ್‌ನಲ್ಲಿ ಯಾರ ಹೆಸರು ಎಲ್ಲಿ, ಫೆಸ್ಟಿವಲ್‌ಗಳಿಗೆ ಫೀಸು ಯಾರು ಕಟ್ಟುತ್ತಾರೆ, ಯೂಟ್ಯೂಬ್‌ಗೆ ಯಾವಾಗ ಹಾಕುವುದು, ಇದನ್ನೆಲ್ಲ ಶೂಟಿಂಗ್‌ಗೆ ಮುಂಚೆ ವಾಟ್ಸಾಪ್‌ನಲ್ಲಾದರೂ ಬರೆದಿಡಿ. ಆನ್‌ಲೈನ್‌ನಲ್ಲಿ ಈಗಾಗಲೇ ಇರುವ ಚಿತ್ರವನ್ನು ಕೆಲವು ಫೆಸ್ಟಿವಲ್‌ಗಳು ತೆಗೆದುಕೊಳ್ಳುವುದಿಲ್ಲ. ಸ್ನೇಹ ಕೆಡುವುದು ಕಥೆಯಿಂದ ಅಲ್ಲ, ಜಾಸ್ತಿ ಇವುಗಳಿಂದಲೇ.

ಬಯಲುಸೀಮೆ ಬರಹ:
ಸೌಂಡ್‌ಗೆ ಯಾರೂ ಇಲ್ಲ, ಎಲ್ಲ ಡಬ್ಬಿಂಗ್‌ನಲ್ಲಿ ನೋಡಿಕೊಳ್ಳೋಣ ಅಂದುಕೊಂಡಿದ್ದೆವು. ಸ್ಟಾರ್ಟರ್ ಸೀನ್ ಓದಿಯೇ ಕ್ಯಾಮೆರಾಮನ್ "ನಾನು ಹೇಳಿದ್ದೂ ಅದೇ ಅಲ್ವಾ" ಅಂತ ಕುಣಿಯುತ್ತಿದ್ದಾನೆ. ಆ ರಾತ್ರಿ ಸೀನ್ ಬರೆದರೆ ನಾಲ್ಕನೇ ಪುಟದ ಜಗಳ ಬೇಕಾಗುವುದಿಲ್ಲ, ತೆಗೆಯುತ್ತೇನೆ. ಕೊನೆ ಸೀನ್ ಮೊದಲು ಹಾಕುವುದಕ್ಕೆ ಮಾತ್ರ ನಾನಿನ್ನೂ ಒಪ್ಪಿಲ್ಲ, ಭಾನುವಾರ ಮೊಬೈಲ್‌ನಲ್ಲಿ ತೆಗೆದು ನೋಡುತ್ತೇವೆ. ಚಳ್ಳಕೆರೆ, ಹಿರಿಯೂರು ಕಡೆ ರೆಕಾರ್ಡರ್, ಬೂಮ್ ಮೈಕ್ ಇರುವವರು ಯಾರಾದರೂ ಇದ್ದರೆ ಮೆಸೇಜ್ ಮಾಡಿ. ಊಟ, ಪೆಟ್ರೋಲ್ ನಮ್ಮದು.