ಪದಚರ್ಚೆ: ರಕ್ತದ ‘ಗಡ್ಡೆ’, ಕ್ಯಾನ್ಸರ್ ‘ಗಡ್ಡೆ’, ಮತ್ತು ಪ್ರೊಗ್ನಾಸ್ಟಿಕ್ ಮಾರ್ಕರ್

ಎಲ್ಲರಿಗೂ ನಮಸ್ಕಾರ.

ಕ್ಯಾನ್ಸರ್ ರೋಗಿಗಳ ಮನೆಯವರಿಗಾಗಿ ಕನ್ನಡದಲ್ಲಿ ಒಂದು ಕಿರುಹೊತ್ತಿಗೆ ಸಿದ್ಧವಾಗುತ್ತಿದೆ. ರಕ್ತಪರೀಕ್ಷೆಯ ಭಾಗ ನನ್ನ ಪಾಲಿಗೆ ಬಂದಿದೆ. ಎರಡು ಪದಗಳ ಬಗ್ಗೆ ನಿಮ್ಮ ಸಲಹೆ ಬೇಕು.

ಮೊದಲನೆಯದು ‘ಕ್ಲಾಟ್’. ‘ರಕ್ತದ ಗಡ್ಡೆ’ ಅಂತ ಬರೆಯುವ ರೂಢಿ ಇದೆ. ಬೇರೆ ಕಡೆ ನಡೆಯಬಹುದು, ಇಲ್ಲಿ ನಡೆಯಲ್ಲ. ‘ಕಾಲಿನಲ್ಲಿದ್ದ ಗಡ್ಡೆ ಶ್ವಾಸಕೋಶಕ್ಕೆ ಹೋಗಿದೆ’ ಅಂತ ಓದಿದವರು ಕ್ಯಾನ್ಸರೇ ಹರಡಿತು ಅಂದುಕೊಳ್ಳುತ್ತಾರೆ. ಎರಡೂ ಬೇರೆ, ಮದ್ದೂ ಬೇರೆ. ‘ಹೆಪ್ಪುಗಟ್ಟು’ ಕ್ರಿಯಾಪದವಾಗಿ ಎಲ್ಲರಿಗೂ ಗೊತ್ತು. ಆದರೆ ಬರೀ ‘ಹೆಪ್ಪು’ ಅಂದರೆ ಹಾಲಿಗೆ ಹಾಕುವುದು, ಅಲ್ವಾ? ನನ್ನ ಒಲವು ‘ಕರಣೆ’ (ಗಟ್ಟಿಕಟ್ಟಿದ ಮುದ್ದೆ) ಕಡೆಗಿದೆ. ‘ರಕ್ತ ಕರಣೆಗಟ್ಟಿದೆ’ ಅಂದರೆ ಗಡ್ಡೆಯ ಗೊಂದಲ ಇರಲ್ಲ.

ಇಷ್ಟು ತಲೆಕೆಡಿಸಿಕೊಳ್ಳಲು ಕಾರಣ ಇದೆ. ಕ್ಯಾನ್ಸರಿಗೂ ಕರಣೆಗೂ ನಂಟು ಗಟ್ಟಿಯಾದದ್ದು. ಪ್ಯಾರಿಸ್ಸಿನ ವೈದ್ಯ ಆರ್ಮಾಂ ಟ್ರೂಸೋ 1865ರಲ್ಲೇ ಇದನ್ನು ಪಾಠದಲ್ಲಿ ವಿವರಿಸಿದ್ದರು. ಮುಂದೆ ತಮ್ಮದೇ ರಕ್ತನಾಳದಲ್ಲಿ ಕರಣೆ ಕಂಡಾಗ ರೋಗ ಯಾವುದು ಅಂತ ಅವರಿಗೆ ತಿಳಿದುಹೋಯಿತು. 1867ರಲ್ಲಿ ಕ್ಯಾನ್ಸರಿನಿಂದಲೇ ತೀರಿಕೊಂಡರು. ಎಷ್ಟೋ ಬಗೆಯ ಕ್ಯಾನ್ಸರ್ ಕಣಗಳು ‘ಟಿಶ್ಯೂ ಫ್ಯಾಕ್ಟರ್’ ಅನ್ನುವ ಪ್ರೋಟೀನನ್ನು ಹೊತ್ತಿರುತ್ತವೆ. ರಕ್ತ ಹೆಪ್ಪುಗಟ್ಟುವ ಕೆಲಸ ಶುರುವಾಗುವುದೇ ಅದರಿಂದ. ಆಗ ರಕ್ತದಲ್ಲಿರುವ ‘ಫೈಬ್ರಿನೋಜನ್’ ಅನ್ನುವ ಪ್ರೋಟೀನು ‘ಫೈಬ್ರಿನ್’ ಎಳೆಗಳಾಗಿ ಬಲೆ ಕಟ್ಟುತ್ತದೆ. ದೇಹ ಆ ಬಲೆಯನ್ನು ಕತ್ತರಿಸಿದಾಗ ಉಳಿಯುವ ಒಂದು ಚೂರೇ ‘ಡಿ-ಡೈಮರ್’.

ಶ್ವಾಸಕೋಶ, ಮೇದೋಜೀರಕ ಗ್ರಂಥಿ, ದೊಡ್ಡ ಕರುಳು, ಇಂಥ ಕ್ಯಾನ್ಸರುಗಳಲ್ಲಿ ಡಿ-ಡೈಮರ್, ಫೈಬ್ರಿನೋಜನ್ ಜಾಸ್ತಿ ಇರುವವರು ಸರಾಸರಿಯಲ್ಲಿ ಕಡಿಮೆ ಕಾಲ ಬದುಕುತ್ತಾರೆ ಅಂತ ಹಲವು ಅಧ್ಯಯನಗಳಲ್ಲಿ ಕಂಡುಬಂದಿದೆ. ‘ಸರಾಸರಿಯಲ್ಲಿ’ ಅನ್ನುವ ಮಾತು ಇಲ್ಲಿ ಬಹಳ ಮುಖ್ಯ. ಬಸಿರಿನಲ್ಲಿ, ಸೋಂಕಿನಲ್ಲಿ, ಆಪರೇಷನ್ ಆದ ಮೇಲೆ, ವಯಸ್ಸಾದಾಗ ಕೂಡ ಡಿ-ಡೈಮರ್ ಏರುತ್ತದೆ. ಲ್ಯಾಬಿನ ವರದಿಯಲ್ಲಿ ಡಿ-ಡೈಮರ್‌ನ ಸಾಮಾನ್ಯ ಮಿತಿಯಾದ 500 ದಾಟಿದ ಅಂಕಿ ದಪ್ಪ ಅಕ್ಷರದಲ್ಲಿ ಕಂಡ ಕೂಡಲೇ ಮನೆಯವರ ಎದೆ ಧಸಕ್ ಅನ್ನುತ್ತದೆ. ಆ ಅಂಕಿ ಒಬ್ಬ ರೋಗಿಯ ಆಯಸ್ಸು ಇಷ್ಟೇ ಅಂತ ಹೇಳುವುದಿಲ್ಲ.

ಎರಡನೇ ತೊಡಕು ಇಲ್ಲೇ. ಹೀಗೆ ರೋಗದ ಮುಂದಿನ ಹಾದಿಯನ್ನು ಸೂಚಿಸುವ ಗುರುತಿಗೆ ‘ಪ್ರೊಗ್ನಾಸ್ಟಿಕ್ ಮಾರ್ಕರ್’ ಅನ್ನುತ್ತಾರೆ. ಅದಕ್ಕೆ ಕಿರುಹೊತ್ತಿಗೆಯ ಕರಡಿನಲ್ಲಿ ‘ಭವಿಷ್ಯಸೂಚಕ’ ಅಂತಿದೆ. ನನಗೆ ಒಂಚೂರೂ ಒಪ್ಪಿಗೆಯಿಲ್ಲ. ಭವಿಷ್ಯ ಅಂದರೆ ಜಾತಕ, ಹಣೆಬರಹ ಅಂತಲೇ ಜನ ಓದುತ್ತಾರೆ. ‘ಮುನ್ಸೂಚಕ’ ವಾಸಿ. ಹವಾಮಾನ ಮುನ್ಸೂಚನೆ ಕೇಳಿ ಕೇಳಿ, ಅದು ತಪ್ಪಲೂಬಹುದು ಅನ್ನುವ ಅರಿವು ಆ ಪದದ ಜೊತೆಗೇ ಬರುತ್ತದೆ. ‘ಸುಳಿವು’ ಇನ್ನೂ ಮೆತ್ತಗಿದೆ: ‘ರೋಗ ಮುಂದೆ ಹೇಗೆ ಸಾಗಬಹುದು ಎಂಬುದರ ಸುಳಿವು’. ಉದ್ದವಾಯಿತು, ನಿಜ. ಆದರೂ ಓದುವವರ ಮೇಲೆ ತೀರ್ಪಿನಂತೆ ಎರಗುವುದಿಲ್ಲ.

ಇದರ ಪಕ್ಕದಲ್ಲೇ ‘ಪ್ರಿಡಿಕ್ಟಿವ್ ಮಾರ್ಕರ್’ ಇದೆ, ಅಂದರೆ ಒಂದು ಮದ್ದು ಕೆಲಸ ಮಾಡಬಹುದೇ ಅಂತ ತಿಳಿಸುವ ಗುರುತು. ಕ್ಯಾನ್ಸರ್ ವೈದ್ಯರಿಗೆ ಇವೆರಡೂ ಒಂದೇ ಅಲ್ಲ. ಸ್ತನ ಕ್ಯಾನ್ಸರಿನಲ್ಲಿ ಹರ್-2 ಅನ್ನುವ ಪ್ರೋಟೀನಿನ ಪರೀಕ್ಷೆ ಮಾಡುವುದು ಟ್ರಾಸ್ಟುಜುಮ್ಯಾಬ್ ಅನ್ನುವ ಮದ್ದು ಕೊಟ್ಟರೆ ಉಪಯೋಗ ಆಗಬಹುದೇ ಅಂತ ತಿಳಿಯಲು. ಅದಕ್ಕೂ ‘ಮುನ್ಸೂಚಕ’ ಅಂದುಬಿಟ್ಟರೆ ವ್ಯತ್ಯಾಸವೇ ಅಳಿಸಿಹೋಗುತ್ತದೆ. ‘ಮದ್ದು ನಾಟಿತು’ ಅನ್ನುವ ಮಾತು ನಮ್ಮಲ್ಲಿದೆಯಲ್ಲ, ಅದರಿಂದ ‘ಮದ್ದು ನಾಟುವ ಸುಳಿವು’ ಅನ್ನಬಹುದೇ?

ಇನ್ನು ಖೊರಾನಾ ಸ್ಕೋರ್, ಅಂದರೆ ಕ್ಯಾನ್ಸರ್ ರೋಗಿಗೆ ಕರಣೆ ಕಟ್ಟುವ ಅಪಾಯ ಎಷ್ಟು ಅಂತ ಅಂಕಗಳಲ್ಲಿ ಅಳೆಯುವ ಲೆಕ್ಕ. ಇದು 2008ರಲ್ಲಿ ಬಂದದ್ದು. ಕೀಮೋ ಶುರುವಾಗುವ ಮೊದಲು ಪ್ಲೇಟ್‌ಲೆಟ್ 3.5 ಲಕ್ಷ ಅಥವಾ ಅದಕ್ಕಿಂತ ಜಾಸ್ತಿ ಇದ್ದರೆ ಒಂದು ಅಂಕ, ಹಿಮೋಗ್ಲೋಬಿನ್ 10ಕ್ಕಿಂತ ಕಡಿಮೆ ಇದ್ದರೆ ಒಂದು, ಹೀಗೆ ಲೆಕ್ಕ ಸಾಗುತ್ತದೆ. ಇದನ್ನು ರೂಪಿಸಿದ್ದು ಕರಣೆ ಕಟ್ಟುವ ಅಪಾಯ ತಿಳಿಯಲು, ಆಯಸ್ಸು ಎಣಿಸಲು ಅಲ್ಲ. ಹಾಗಾಗಿ ಯಾವುದರ ಸುಳಿವು ಅಂತ ಪ್ರತಿ ಸಲವೂ ಬಿಡಿಸಿ ಬರೆಯಬೇಕು ಅನ್ನುವುದು ನನ್ನ ನಿಲುವು.

ನಿಮ್ಮ ಕಡೆ ‘ಕರಣೆ’ ಬಳಕೆಯಲ್ಲಿದೆಯೇ? ಬೆಲ್ಲಕ್ಕೆ ಮಾತ್ರವೋ, ರಕ್ತಕ್ಕೂ ಹೇಳುತ್ತಾರೋ? ಆಸ್ಪತ್ರೆಯಲ್ಲಿ ಕೆಲಸ ಮಾಡುವವರು ಈ ಬಳಗದಲ್ಲಿದ್ದರೆ, ರೋಗಿಗಳ ಮುಂದೆ ನೀವು ಆಡುವ ಮಾತನ್ನೇ ದಯವಿಟ್ಟು ಬರೆದು ತಿಳಿಸಿ.