ಪಿಂಚಣಿ ಏರಿಕೆ ಕಾಯ್ದೆಯಾಗಬೇಕು: ಮಂಡ್ಯದ ಹಳ್ಳಿಗಳಲ್ಲಿ ಜನಬೆಂಬಲ ಕಟ್ಟುವುದು ಹೇಗೆ?

ಕಬ್ಬಿನಗದ್ದೆ:
ವೃದ್ಧರ ಪಿಂಚಣಿ ಸಂಧ್ಯಾ ಸುರಕ್ಷಾ 2021ರಲ್ಲಿ ತಿಂಗಳಿಗೆ 1,000ದಿಂದ 1,200 ಆಯ್ತು, ವಿಧವಾ ವೇತನ 600ರಿಂದ 800. ಏರಿಸೋದು ಬಿಡೋದು ಆಯಾ ವರ್ಷ ಬಜೆಟ್ ಬರೆಯೋರ ಮನಸ್ಸು. ರಾಜಸ್ಥಾನ 2023ರ ಕನಿಷ್ಠ ಆದಾಯ ಖಾತರಿ ಕಾಯ್ದೆಯಲ್ಲಿ ಪಿಂಚಣಿ 1,000ಕ್ಕೆ ಕಮ್ಮಿ ಇರಬಾರದು, ವರ್ಷಕ್ಕೆ ಶೇ 15 ಏರಬೇಕು ಅಂತ ಬರೆದೇ ಬಿಟ್ಟಿದೆ. ಅಂಥದ್ದೊಂದು ಮಸೂದೆ ನಮ್ಮಲ್ಲೂ ಬರಲಿ, 1,200 ಇರೋದು 2,000 ಆಗಲಿ ಅಂತ ಮಂಡ್ಯ, ಮದ್ದೂರು ತಾಲ್ಲೂಕಿನ ಕೆಲವು ಪಂಚಾಯಿತಿಗಳಲ್ಲಿ ಕೆಲಸ ಶುರು ಮಾಡ್ತಿದ್ದೇವೆ. ಸಹಿ ಸಂಗ್ರಹ ಸಾಕಾ, ಗ್ರಾಮಸಭೆ ಠರಾವೂ ಬೇಕಾ? ನಮ್ಮ ಶಾಸಕರೇ ಖಾಸಗಿ ಮಸೂದೆ ಮಂಡಿಸಬಹುದಾ?

ಕಲಂ 207:
ಖಾಸಗಿ ಮಸೂದೆ ದಾರಿ ಬಿಟ್ಟುಬಿಡಿ. ರಾಜ್ಯದ ಸಂಚಿತ ನಿಧಿಯಿಂದ, ಅಂದರೆ ಸರ್ಕಾರದ ಖಜಾನೆಯಿಂದ, ಖರ್ಚು ಬೇಡುವ ಮಸೂದೆಯನ್ನು ರಾಜ್ಯಪಾಲರ ಶಿಫಾರಸು ಇಲ್ಲದೆ ಸದನ ಅಂಗೀಕರಿಸುವಂತಿಲ್ಲ, ಸಂವಿಧಾನದ 207ನೇ ವಿಧಿ. ಆ ಶಿಫಾರಸು ಬರೋದು ಸರ್ಕಾರದ ಸಲಹೆ ಮೇಲೆ. ಅಂದರೆ ನೀವು ಒಲಿಸಬೇಕಾದ್ದು ಹಣಕಾಸು ಮತ್ತು ಕಂದಾಯ ಇಲಾಖೆಯನ್ನು. ಪಿಂಚಣಿ ನಿರ್ದೇಶನಾಲಯ ಕಂದಾಯದ ಕೆಳಗೇ ಇದೆ. ಶಾಸಕರಿಂದ ಎರಡು ಕೆಲಸ ಕೇಳಿ: ಅಧಿವೇಶನದಲ್ಲಿ ಪ್ರಶ್ನೆ ಹಾಕಲಿ, ಮುಖ್ಯಮಂತ್ರಿಗೆ ಪತ್ರ ಬರೆಯಲಿ.

ಕಾಲ ಮುಖ್ಯ. ರಾಜ್ಯ ಬಜೆಟ್ ಸಾಮಾನ್ಯವಾಗಿ ಮಾರ್ಚ್‌ಗೆ ಬರುತ್ತೆ, ಅದಕ್ಕೆ ಮುಂಚೆ ಬೆಳಗಾವಿ ಅಧಿವೇಶನ. ನಿಮ್ಮ ಠರಾವುಗಳೆಲ್ಲ ನವೆಂಬರ್ ಒಳಗೆ ಕೈಲಿರಬೇಕು. ಫೆಬ್ರವರಿಯಲ್ಲಿ ಮೆರವಣಿಗೆ ಮಾಡಿದರೆ ಅಷ್ಟೊತ್ತಿಗೆ ಲೆಕ್ಕ ಮುಗಿದಿರುತ್ತೆ.

ಮಸೂದೆ ಬಂದಮೇಲೂ ಕಣ್ಣು ತೆಗೆಯಬೇಡಿ. ಪರಿಶಿಷ್ಟ ಜಾತಿ, ಪಂಗಡದವರಿಗೆ ಬಜೆಟ್‌ನಲ್ಲಿ ಹಣ ಮೀಸಲಿಡೋ ಉಪಯೋಜನೆ ಕಾಯ್ದೆ 2013ರಲ್ಲೇ ಬಂತು. ಆದರೆ ಅದರ 7(ಡಿ) ಕಲಂ ಹಿಡಿದು ರಸ್ತೆ ಸೇತುವೆ ಥರದ ಸಾಮಾನ್ಯ ಕಾಮಗಾರಿಗೂ ಆ ಹಣ ಹಾಕಬಹುದಿತ್ತು. ಆ ಒಂದು ಕಲಂ ತೆಗೆಸೋಕೆ 2023ರವರೆಗೆ ಹೋರಾಡಬೇಕಾಯ್ತು. ಕರಡು ಸಿಕ್ಕ ದಿನವೇ "ಅನುದಾನದ ಲಭ್ಯತೆಗೆ ಒಳಪಟ್ಟು" ಅನ್ನೋ ಮಾತು ಎಲ್ಲಾದರೂ ಇದೆಯಾ ಹುಡುಕಿ. ಅದಿದ್ದರೆ ಕಾಯ್ದೆ ಇದ್ದೂ ಇಲ್ಲದಂತೆ.

ಡೇರಿ ಮುಂದೆ:
ಊರಿನ ಕೆಲಸ ನಾನು ಹೇಳ್ತೀನಿ. ಸಂಜೆ ಹೊತ್ತು ಸಭೆ ಕರೆದರೆ ಬರೋದು ಕರೆದವರೇ. ಬೆಳಿಗ್ಗೆ ಹಾಲು ಹಾಕೋ ಹೊತ್ತಿಗೆ ಡೇರಿ ಮುಂದೆ, ಅಕ್ಕಿ ಕೊಡೋ ದಿನ ನ್ಯಾಯಬೆಲೆ ಅಂಗಡಿ ಮುಂದೆ ನಿಂತರೆ ಎಲ್ಲ ಜಾತಿ, ಎಲ್ಲ ಪಕ್ಷದ ಮನೆಯವರೂ ಸಿಗ್ತಾರೆ. ಮಹಿಳಾ ಸ್ವಸಹಾಯ ಸಂಘಗಳ ಸಂಜೀವಿನಿ ಒಕ್ಕೂಟದ ತಿಂಗಳ ಸಭೆಯಲ್ಲಿ ಹತ್ತು ನಿಮಿಷ ಕೇಳಿಕೊಳ್ಳಿ.

ಸಹಿ ಹಾಳೆಗೆ ಹೆಸರು, ಊರು, ವಯಸ್ಸು, ಮತಗಟ್ಟೆ ಸಂಖ್ಯೆ, ಸಹಿ ಅಂತ ಕಾಲಂ ಹಾಕಿ, ಹಾಳೆಗೆ 20 ಸಾಲು. ಆಧಾರ್ ನಂಬರ್ ಬೇಡವೇ ಬೇಡ. ಅದನ್ನು ಕೇಳಿದ ತಕ್ಷಣ ಜನ ಹಿಂದೆ ಸರೀತಾರೆ, ಸರೀಬೇಕು ಕೂಡ. ಮತಗಟ್ಟೆ ಕಾಲಂ ಮಾತ್ರ ಬಿಡಬೇಡಿ. "ಐದು ಸಾವಿರ ಸಹಿ" ಅಂದರೆ ಶಾಸಕರ ಕಚೇರಿಯಲ್ಲಿ ಕಟ್ಟು ಮೂಲೆಗೆ ಹೋಗುತ್ತೆ. ಮತಗಟ್ಟೆವಾರು ಪಟ್ಟಿ ಕೊಟ್ಟರೆ ಕೂತು ಓದ್ತಾರೆ. ಹೆಬ್ಬೆಟ್ಟು ಒತ್ತಿದ ಕಡೆ ಪಕ್ಕದಲ್ಲೊಬ್ಬ ಸಾಕ್ಷಿ ಸಹಿ ಇರಲಿ.

ಇಂಥ ಸಭೆಗಳು ಕೆಡೋದು ಎಲ್ಲಿ ಗೊತ್ತಾ? "ನಂಗೆ ನಾಕು ತಿಂಗಳಿಂದ ದುಡ್ಡೇ ಬಂದಿಲ್ಲ" ಅಂತ ಒಬ್ಬರು ಅಂದರೆ ಇಡೀ ಸಭೆ ಆ ಕಡೆ ತಿರುಗುತ್ತೆ. ತಪ್ಪೇನಿಲ್ಲ, ಅವರ ಕಷ್ಟ ದೊಡ್ಡದು. ಅದಕ್ಕೇ ಪಕ್ಕದಲ್ಲಿ ಬೇರೆ ಮೇಜು ಹಾಕಿ, ಪಾಸ್‌ಬುಕ್ಕು, ಮಂಜೂರಾತಿ ಪತ್ರ ನೋಡೋಕೆ ಇಬ್ಬರನ್ನು ಕೂರಿಸಿ. ಎಷ್ಟೋ ಸಲ ಖಾತೆಗೆ ಆಧಾರ್ ಜೋಡಣೆ ಆಗಿರಲ್ಲ, ಇಲ್ಲಾ ಜೋಡಣೆ ಹಳೇ ಖಾತೆಗೇ ಉಳಿದಿರುತ್ತೆ. ಮೊದಲನೆಯದು ಬ್ಯಾಂಕಿನಲ್ಲಿ ಸರಿಹೋಗುತ್ತೆ. ಎರಡನೆಯದರಲ್ಲಿ ದುಡ್ಡು ಹಳೇ ಖಾತೆಯಲ್ಲೇ ಕೂತಿರುತ್ತೆ. ಉಳಿದವನ್ನು ನಾಡಕಚೇರಿಗೆ, ಪಿಂಚಣಿ ಅದಾಲತ್‌ಗೆ ಒಯ್ಯಿರಿ. ಆ ಮೇಜಿನಲ್ಲಿ ಹತ್ತು ಜನಕ್ಕೆ ದುಡ್ಡು ಬಂತು ಅಂದರೆ ಮುಂದಿನ ಸಭೆಗೆ ನೀವು ಕರೆಯೋದೇ ಬೇಡ.

ಕಬ್ಬಿನಗದ್ದೆ:
"ಗ್ಯಾರಂಟಿ ಸಾಲದಾ, ಇನ್ನೊಂದು ಬಿಟ್ಟಿ ಭಾಗ್ಯನಾ" ಅನ್ನೋರಿಗೆ ಏನು ಹೇಳೋದು? ಕಬ್ಬು ಬೆಳೆಗಾರರೇ ಜಾಸ್ತಿ ಕೇಳ್ತಾರೆ.

ಲೆಕ್ಕದ ಪುಸ್ತಕ:
ಪ್ರಶ್ನೆ ನ್ಯಾಯವಾಗಿದೆ, ಲೆಕ್ಕ ಮುಂದಿಟ್ಟೇ ಉತ್ತರ ಕೊಡಿ. 2025-26ರ ಬಜೆಟ್ 4.09 ಲಕ್ಷ ಕೋಟಿ, ಅದರಲ್ಲಿ ಗ್ಯಾರಂಟಿಗಳಿಗೆ 51,034 ಕೋಟಿ. ತಲೆಗೆ ತಿಂಗಳಿಗೆ 800 ಏರಿಸಿದರೆ ಪ್ರತಿ 10 ಲಕ್ಷ ಜನಕ್ಕೆ ವರ್ಷಕ್ಕೆ 960 ಕೋಟಿ ಬೇಕು. ಕೇಂದ್ರದ ಪಾಲು 60ರಿಂದ 79 ವಯಸ್ಸಿನವರಿಗೆ ತಿಂಗಳಿಗೆ 200, 80 ದಾಟಿದರೆ 500 ಮಾತ್ರ, ಆದ್ದರಿಂದ ಹೊರೆ ಬಹುಪಾಲು ರಾಜ್ಯದ್ದೇ. ಇದನ್ನು ಮುಚ್ಚಿಡಬೇಡಿ.

ರೈತನಿಗೂ ಅಂಗಡಿಯವನಿಗೂ ಊರಿನ ಲೆಕ್ಕ ಹೇಳಿ. ಒಂದು ಪಂಚಾಯಿತಿಯಲ್ಲಿ 400 ಪಿಂಚಣಿದಾರರು ಇದ್ದಾರೆ ಅಂದುಕೊಳ್ಳಿ: ವರ್ಷಕ್ಕೆ 38.4 ಲಕ್ಷ ಹೆಚ್ಚುವರಿ, ಬಹುಪಾಲು ಅಲ್ಲಿನ ದಿನಸಿ ಅಂಗಡಿ, ಔಷಧಿ ಅಂಗಡಿಗೇ ಹೋಗುವ ದುಡ್ಡು. ನಿಮ್ಮ ನಿಜವಾದ ಸಂಖ್ಯೆಗೆ ತಹಶೀಲ್ದಾರ್ ಕಚೇರಿಗೆ ಮಾಹಿತಿ ಹಕ್ಕು ಅರ್ಜಿ ಹಾಕಿ: 10 ರೂಪಾಯಿ ಪೋಸ್ಟಲ್ ಆರ್ಡರ್, ಒಂದೇ ವಿಷಯ, 150 ಪದ ಮೀರಬಾರದು. 30 ದಿನದಲ್ಲಿ ಉತ್ತರ ಬರಬೇಕು. ಇನ್ನೊಂದು ಮಾತು: ಕಬ್ಬು ಕಡಿಯೋ ಆಳಿಗೆ, ಗೇಣಿ ರೈತನಿಗೆ ಪಿಎಫ್ ಇಲ್ಲ. ಈ ಬೇಡಿಕೆ ಅವರದೂ ಹೌದು.

ಆದರೆ ಶೇ 15ಕ್ಕೆ ಪಟ್ಟು ಹಿಡಿಯಬೇಡಿ ಅನ್ನೋದು ನನ್ನ ಅಭಿಪ್ರಾಯ. 2,000 ಐದು ವರ್ಷದಲ್ಲಿ 4,000 ದಾಟುತ್ತೆ. 2002ರ ವಿತ್ತೀಯ ಹೊಣೆಗಾರಿಕೆ ಕಾಯ್ದೆಯ ಶೇ 3ರ ಕೊರತೆ ಮಿತಿ ತೋರಿಸಿ ಹಣಕಾಸು ಇಲಾಖೆ ಕಡತ ಮುಚ್ಚುತ್ತೆ. ಕೃಷಿ ಕಾರ್ಮಿಕರ ಬೆಲೆ ಸೂಚ್ಯಂಕಕ್ಕೆ ಜೋಡಿಸಿ ಅಂತ ಕೇಳಿ. ಬೆಲೆ ವರ್ಷಕ್ಕೆ ಶೇ 5 ಏರಿದರೆ ಐದು ವರ್ಷಕ್ಕೆ ಸುಮಾರು 2,550 ಆಗುತ್ತೆ. ಇದನ್ನು ತಳ್ಳಿಹಾಕೋದು ಯಾರಿಗೂ ಸುಲಭವಲ್ಲ.

ಕಲಂ 207:
ಸೂಚ್ಯಂಕದ ಮಾತಿಗೆ ನನ್ನದೂ ಒಪ್ಪಿಗೆ. ಗ್ರಾಮಸಭೆ ಠರಾವು ಖಂಡಿತ ಬೇಕು. ಕೋರಂ, ಅಂದರೆ ಸಭೆಗೆ ಇರಲೇಬೇಕಾದ ಕನಿಷ್ಠ ಹಾಜರಿ, ಮತದಾರರ ಹತ್ತರಲ್ಲೊಂದು ಭಾಗ ಅಥವಾ 100 ಜನ, ಯಾವುದು ಕಮ್ಮಿಯೋ ಅದು. ಠರಾವಿನಲ್ಲಿ ಹತ್ತು ಬೇಡಿಕೆ ತುಂಬಬೇಡಿ, ಒಂದೇ ವಾಕ್ಯ ಸಾಕು: "ಸಾಮಾಜಿಕ ಭದ್ರತಾ ಪಿಂಚಣಿಯ ಕನಿಷ್ಠ ಮೊತ್ತ ಮತ್ತು ವಾರ್ಷಿಕ ಏರಿಕೆಯನ್ನು ಕಾಯ್ದೆಯ ಮೂಲಕ ನಿಗದಿಪಡಿಸಲು ಸರ್ಕಾರವನ್ನು ಈ ಸಭೆ ಒತ್ತಾಯಿಸುತ್ತದೆ." ಪಂಚಾಯಿತಿ ಅಭಿವೃದ್ಧಿ ಅಧಿಕಾರಿ (ಪಿಡಿಒ) "ಚರ್ಚಿಸಲಾಯಿತು" ಅಂತ ಬರೆದರೆ ಅದು ಠರಾವಲ್ಲ. "ಸರ್ವಾನುಮತದಿಂದ ತೀರ್ಮಾನಿಸಲಾಯಿತು" ಅಂತ ನಡವಳಿ ಪುಸ್ತಕದಲ್ಲಿ ಬರೆಸಿ, ಜನ ಎದ್ದುಹೋಗುವ ಮುಂಚೆ ಓದಿಸಿ, ದೃಢೀಕೃತ ನಕಲಿಗೆ ಅವತ್ತೇ ಅರ್ಜಿ ಕೊಡಿ.