ಫೆರೂಲ್ ಮತ್ತೆ ಅಂಟಿಸಿದ ಮೇಲೆ ನಕ್ಷತ್ರದ ಬೆಳಕು ಅರ್ಧ, ದೀಪದ ಫ್ಲಾಟ್ ಮಾತ್ರ ಸರಿ

ಪ್ರಶ್ನೆ
8 ಇಂಚು ಎಫ್/10 ಷ್ಮಿಟ್-ಕ್ಯಾಸಿಗ್ರೇನ್ ದೂರದರ್ಶಕ, ಅದನ್ನು ಎಫ್/6.3 ಮಾಡುವ 0.63 ರೆಡ್ಯೂಸರ್ ಲೆನ್ಸ್, 50 ಮೈಕ್ರಾನ್ ಕೋರ್‌ನ (ಬೆಳಕು ಹರಿಯುವ ನಡುಭಾಗ) 15 ಮೀಟರ್ ಫೈಬರ್, ಎಷೆಲ್ ಸ್ಪೆಕ್ಟ್ರೋಗ್ರಾಫ್ (ಬೆಳಕನ್ನು ಬಣ್ಣಗಳಾಗಿ ಬಿಡಿಸುವ ಉಪಕರಣ), ಅದರೊಳಗೆ ಫೈಬರ್‌ನ ಬೆಳಕನ್ನು ಹಿಡಿದು ಸಮಾನಾಂತರ ಮಾಡುವ ಎಫ್/5 ಕಾಲಿಮೇಟರ್. ದೂರದರ್ಶಕದ ಕಡೆಯ ಫೆರೂಲ್ (ಫೈಬರ್ ತುದಿಯನ್ನು ಹಿಡಿಯುವ ಪುಟ್ಟ ಕೊಳವೆ) ಸಡಿಲವಾಗಿತ್ತು. 5 ನಿಮಿಷದ ಎಪಾಕ್ಸಿಯಲ್ಲಿ ಅಂಟಿಸಿ ಪಾಲಿಶ್ ಮಾಡಿದೆ. ಈಗ ಅದೇ ನಕ್ಷತ್ರ, ಅದೇ ಎಕ್ಸ್‌ಪೋಷರ್, ಬೆಳಕು ಮಾತ್ರ ಅರ್ಧ. ನೀಲಿಯಲ್ಲೂ ಕೆಂಪಿನಲ್ಲೂ ಒಂದೇ ಸಮ ಇಳಿದಿದೆ. ದೀಪದ ಫ್ಲಾಟ್ (ಫೈಬರ್‌ಗೆ ದೀಪದ ಬೆಳಕು ಬಿಟ್ಟು ತೆಗೆಯುವ ಹೋಲಿಕೆ ಚಿತ್ರ) ಮೊದಲಿನಷ್ಟೇ ಇದೆ. ಫೈಬರ್ ಕೆಟ್ಟಿದ್ದರೆ ದೀಪವೂ ಇಳಿಯಬೇಕಿತ್ತಲ್ಲವೇ?

ಉತ್ತರ 1
ದೀಪವನ್ನು ನಂಬಬೇಡಿ. ಅದರ ಬೆಳಕು ಫೈಬರ್ ಹಿಡಿಯುವಷ್ಟು ಕೋನವನ್ನೂ ತುಂಬಿಕೊಂಡೇ ಒಳಗೆ ಹೋಗುತ್ತದೆ, ಇನ್ನು ಹರಡಲು ಜಾಗವೇ ಇರುವುದಿಲ್ಲ. ನಕ್ಷತ್ರದ್ದು ಎಫ್/6.3ರ ಕಿರಿದಾದ ಶಂಕು (ಎಫ್ ಸಂಖ್ಯೆ ಚಿಕ್ಕದಾದಷ್ಟೂ ಶಂಕು ಅಗಲ). ಫೈಬರ್ ಎಲ್ಲೋ ಹಿಂಡಿಸಿಕೊಂಡರೆ ಅದು ಎಫ್/4 ಆಗಿ ಹೊರಬರುತ್ತದೆ, ಎಫ್/5 ಕಾಲಿಮೇಟರ್ ದಾಟಿದ್ದೆಲ್ಲ ನಷ್ಟ. ಇದೇ ಎಫ್‌ಆರ್‌ಡಿ (ಫೋಕಲ್ ರೇಷಿಯೋ ಡಿಗ್ರೇಡೇಷನ್), ಅಂದರೆ ಫೈಬರ್ ಒಳಗೆ ಶಂಕು ಅಗಲವಾಗುವುದು.

ಆದರೆ ಮೊದಲು ಗೈಡಿಂಗ್ ನೋಡಿ, ಅಂದರೆ ನಕ್ಷತ್ರ ಫೈಬರ್ ತುದಿಯ ಮೇಲೇ ಕೂತಿದೆಯೇ ಎಂದು. ಸ್ಪೆಕ್ಟ್ರೋಗ್ರಾಫ್ ಕಡೆಯ ತುದಿಗೆ ಎಲ್‌ಇಡಿ ಹಿಡಿದರೆ ಗೈಡ್ ಕ್ಯಾಮೆರಾದಲ್ಲಿ ಫೈಬರ್ ಬೆಳಗುತ್ತದೆ. ಆ ಪಿಕ್ಸೆಲ್ ಗುರುತು ಹಾಕಿಕೊಳ್ಳಿ. ನಿಮ್ಮ ಫೈಬರ್ ಆಕಾಶದಲ್ಲಿ ಸುಮಾರು 8 ಆರ್ಕ್‌ಸೆಕೆಂಡ್ ಅಗಲ. ಫೆರೂಲ್ ಬಿಚ್ಚಿ ಹಾಕಿದಾಗ ಹಳೆಯ ಗುರುತು ತಪ್ಪಿರುವುದು ಸಹಜ.

ಪ್ರಶ್ನೆ ಕೇಳಿದವರು
ನೋಡಿದೆ. 2 ಪಿಕ್ಸೆಲ್ ಸರಿದಿತ್ತು, ಸರಿಪಡಿಸಿದೆ. ಬೆಳಕು ಚೂರು ಏರಿತು, ಅಷ್ಟೇ.

ಉತ್ತರ 2
ಹಾಗಾದರೆ ಹೊರಬರುವ ಶಂಕುವನ್ನೇ ಅಳೆಯಿರಿ. ಲೇಸರ್ ಪಾಯಿಂಟರ್ ಬೇಡ, ಅದರ ಶಂಕು ದೂರದರ್ಶಕದ ಶಂಕುವಿನಂತಿರುವುದಿಲ್ಲ. ಹಗಲಲ್ಲಿ ದೂರದರ್ಶಕವನ್ನು ನೀಲಿ ಆಕಾಶಕ್ಕೆ ತಿರುಗಿಸಿ (ಸೂರ್ಯನಿಂದ ಬಹಳ ದೂರ!), ಫೈಬರ್‌ನ ಇನ್ನೊಂದು ತುದಿಯನ್ನು ಲೆನ್ಸ್ ಇಲ್ಲದ ಕ್ಯಾಮೆರಾ ಸೆನ್ಸರ್ ಮುಂದೆ, ಕತ್ತಲ ಡಬ್ಬಿಯಲ್ಲಿಡಿ. ಒಂದು ಚಿತ್ರ ತೆಗೆದು, 20 ಮಿಮೀ ಹಿಂದೆ ಸರಿಸಿ ಇನ್ನೊಂದು ತೆಗೆಯಿರಿ. ವೃತ್ತದ ವ್ಯಾಸ 3.2 ಮಿಮೀ ಹೆಚ್ಚಿದರೆ ಎಫ್/6.3 ಉಳಿದಿದೆ, 5 ಮಿಮೀ ಹೆಚ್ಚಿದರೆ ಎಫ್/4. ವೃತ್ತದ ನಡುವೆಯೂ ನೋಡಿ: ಆರೋಗ್ಯವಾದ ಫೈಬರ್‌ನಲ್ಲಿ ಸೆಕೆಂಡರಿ ಕನ್ನಡಿಯ ನೆರಳು ಉಳಿದು ಬೆಳಕು ಬಳೆಯಂತೆ ಕಾಣುತ್ತದೆ. ನಡು ತುಂಬಿಕೊಂಡು ಅಂಚು ಮಸುಕಾಗಿದ್ದರೆ ಎಫ್‌ಆರ್‌ಡಿ ಖಚಿತ.

ಲೈವ್ ಚಿತ್ರ ನೋಡುತ್ತಲೇ ಫೈಬರ್‌ಗೆ ಕಟ್ಟಿದ ಕೇಬಲ್ ಟೈಗಳನ್ನು ಒಂದೊಂದಾಗಿ ಸಡಿಲಿಸಿ. ಟೈ ಬಿಟ್ಟ ಕ್ಷಣ ಬಳೆ ಚೂಪಾದರೆ ಕಾರಣ ಅದೇ. ಟೈ ಬದಲು ವೆಲ್ಕ್ರೋ ಪಟ್ಟಿ ಹಾಕಿ.

ಪ್ರಶ್ನೆ ಕೇಳಿದವರು
4.9 ಮಿಮೀ. ಬಳೆ ಇಲ್ಲ, ತುಂಬಿದ ಬಿಲ್ಲೆ. ಟೈ ಬಿಚ್ಚಿದರೂ ಬದಲಾಗಲಿಲ್ಲ.

ಉತ್ತರ 2
ಅಲ್ಲಿಗೆ ಎಪಾಕ್ಸಿಯೇ. ಅದು ಗಟ್ಟಿಯಾಗುವಾಗ ಕುಗ್ಗಿ ಫೈಬರ್ ಅನ್ನು ಸುತ್ತಲಿಂದ ಹಿಂಡುತ್ತದೆ. ಆ ತುದಿ ಕತ್ತರಿಸಿ ಹೊಸ ಫೆರೂಲ್ ಹಾಕಿ. ಎಪೊಟೆಕ್ 301-2ರಂತೆ ನಿಧಾನ ಗಟ್ಟಿಯಾಗುವ, ಕಡಿಮೆ ಕುಗ್ಗುವ ಅಂಟು ತೊಟ್ಟಷ್ಟೇ ಸಾಕು. ಬಿಸಿ ಮಾಡದೆ ಎರಡು-ಮೂರು ದಿನ ಬಿಡಿ. ಪಾಲಿಶ್ 9, 3, 1, ಕೊನೆಗೆ 0.3 ಮೈಕ್ರಾನ್ ಫಿಲ್ಮ್, ನೀರು ಹಾಕಿ, ಎಂಟರ ಆಕಾರದಲ್ಲಿ. ಪ್ರತಿ ಹಂತದ ನಡುವೆ ತೊಳೆಯದಿದ್ದರೆ 9ರ ಒಂದು ಕಣ ಮುಂದಿನ ಫಿಲ್ಮ್ ಪೂರ್ತಿ ಗೀರು ಎಳೆಯುತ್ತದೆ. 200 ಪಟ್ಟಿನ ಮೈಕ್ರೋಸ್ಕೋಪ್‌ನಲ್ಲಿ ಕೋರ್ ಮೇಲೆ ಒಂದು ಗೀರೂ ಕಾಣಬಾರದು.

ಉತ್ತರ 1
ರೆಡ್ಯೂಸರ್ ತೆಗೆದು ಎಫ್/10ರಲ್ಲಿ ಪ್ರಯತ್ನಿಸುವ ಯೋಚನೆ ಬಂದರೆ ಬಿಡಿ. ಶಂಕು ಕಿರಿದಾದಷ್ಟೂ ಎಫ್‌ಆರ್‌ಡಿಯ ಪೆಟ್ಟು ಜಾಸ್ತಿ. ತಮಿಳುನಾಡಿನ ಕಾವಲೂರು ವೀಕ್ಷಣಾಲಯದ 2.34 ಮೀಟರ್ ದೂರದರ್ಶಕದಲ್ಲೂ ಫೈಬರ್ ಕೂತಿರುವುದು ಅಗಲ ಶಂಕುವಿನ ಎಫ್/3.25 ಪ್ರೈಮ್ ಫೋಕಸ್‌ನಲ್ಲಿ (ಮುಖ್ಯ ಕನ್ನಡಿ ನೇರವಾಗಿ ಬೆಳಕು ಕೂಡಿಸುವ ಜಾಗ).

ಪ್ರಶ್ನೆ ಕೇಳಿದವರು
ಹೊಸ ಫೆರೂಲ್, ನಿಧಾನದ ಅಂಟು. ಈಗ 3.5 ಮಿಮೀ, ಬಳೆ ಸ್ಪಷ್ಟ. ನಕ್ಷತ್ರದ ಬೆಳಕು ಹಳೆಯ ಮಟ್ಟಕ್ಕೆ ಬಂದಿದೆ.